ಬಾರದೆ ಹೋದ ಪಾಲು

ನನ್ನ ಮೊಮ್ಮಗಳಿಗೆ ಆದದ್ದು ಶಾಪವಲ್ಲ, ದೇವರ ಕಾಟವಲ್ಲ, ಅವಳ ತಾಯಿ ಮಾಡಿದ ತಪ್ಪೂ ಅಲ್ಲ. ಅವಳು ಹೊಟ್ಟೆಯಲ್ಲಿ ನಿಲ್ಲುವ ಮೊದಲೇ ಒಂದು ಪಾಲು ಹಂಚುವುದು ತಪ್ಪಿತು, ಅಷ್ಟೇ. ಹಂಚುವವರು ಅಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಬೈಯಬೇಕೆಂದರೂ ಯಾರೂ ಸಿಗುವುದಿಲ್ಲ.

ಇದನ್ನು ಬರೆಯಲಿಕ್ಕೆ ಕಾರಣ ಕರ್ನೂಲಿನ ಒಂದು ಆಸ್ಪತ್ರೆಯ ಬೆಂಚು. ಆ ಬೆಂಚಿನ ಮೇಲೆ ನನ್ನಂಥ ಮುದುಕಿಯರು ಕೂತಿದ್ದನ್ನು ನೋಡಿದ್ದೇನೆ. ಪಕ್ಕದಲ್ಲಿ ಒಂದು ಹುಡುಗಿ, ಹುಡುಗಿಯ ಆಚೆಗೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವ ತಾಯಿ. ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ‘ನಿಮ್ಮ ಹುಡುಗಿಗೂ ಇದೇ ಏನು’ ಎಂದು ಕೇಳಲು ಬಾಯಿ ಬರುವುದಿಲ್ಲ. ನನಗೂ ಬರಲಿಲ್ಲ. ಅಲ್ಲಿ ಕೇಳದ್ದನ್ನು ಇಲ್ಲಿ ಹೇಳುತ್ತೇನೆ. ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವಳು ನಾನು. ಒತ್ತು, ದೀರ್ಘ ತಪ್ಪಿದ್ದರೆ ಓದುವವರೇ ಸರಿಮಾಡಿಕೊಳ್ಳಲಿ.

ನಮ್ಮದು ಆಂಧ್ರದ ಗಡಿಯೊಳಗೆ, ಕೋಸಗಿ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆ. ಮಗ ಈರಣ್ಣ, ಸೊಸೆ ಹುಲಿಗೆಮ್ಮ. ಸಂಕ್ರಾಂತಿ ಕಳೆಯುತ್ತಲೇ ಇಬ್ಬರೂ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ಯುಗಾದಿ ಹೊತ್ತಿಗೆ ಬರುತ್ತಾರೆ. ಅರ್ಧ ಊರು ಹಾಗೇ ಹೋಗುತ್ತದೆ. ಕೂಸುಗಳು ಮುದುಕಿಯರ ಕೈಗೆ, ಕುರಿಗಳು ಮುದುಕರ ಕೈಗೆ. ಮೊಮ್ಮಗಳು ರೇಣುಕಾ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಹುಲಿಗೆಮ್ಮ ಅವಳನ್ನು ಬಿಟ್ಟು ಹೋಗಬೇಕಾಯಿತು. ಎದೆ ಕಟ್ಟಿಕೊಂಡು, ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ರೈಲು ಹತ್ತಿದಳು. ಕೂಸಿಗೆ ನಾನು ಆಡಿನ ಹಾಲು ಕುಡಿಸಿದೆ. ಕೂಸು ಚೆನ್ನಾಗಿಯೇ ಕುಡಿಯಿತು.

ಹುಲಿಗೆಮ್ಮ ಮದ್ದಿಕೇರದ ತೆಲುಗು ಮನೆಯವಳು. ನಮ್ಮ ಮನೆಗೆ ಬಂದ ಮೇಲೆ ಕನ್ನಡ ಕಲಿತಳು, ಹೆಚ್ಚಿನದನ್ನು ನನ್ನ ಬೈಗುಳದಿಂದ ಕಲಿತಳು. ಅವಳಿಗೆ ಭೀಮೇಶ ಎಂಬ ತಮ್ಮನಿದ್ದಾನೆ. ರೇಣುಕಾಳ ಹೆಸರಿಡುವ ದಿನ ಹುಲಿಗೆಮ್ಮನ ತಾಯಿ ತೊಟ್ಟಿಲ ಹತ್ತಿರ ಬಂದು “ಈ ಪಿಲ್ಲ ಮಾ ಭೀಮೇಶುಕೇ” ಅಂದಳು. ಈ ಹುಡುಗಿ ನಮ್ಮ ಭೀಮೇಶನಿಗೇ. ಆಗ ಅವನು ಗೋಲಿ ಆಡುವ ಹುಡುಗ. ಅಕ್ಕನ ಮಗಳು ತಮ್ಮನಿಗೆ ಎಂಬುದು ನಮ್ಮ ಕಡೆ ಹೊಸ ಮಾತಲ್ಲ. ಎಲ್ಲರೂ ಬೆಲ್ಲ ತಿಂದೆವು.

ಹಾಗಾಗಿ ರೇಣುಕಾ ದೊಡ್ಡವಳಾಗುವುದನ್ನು ಎರಡು ಮನೆಗಳು ಕಾಯುತ್ತಿದ್ದವು. ಮೊದಲ ಸಲ ಮುಟ್ಟಾದಾಗ ಸೋದರಮಾವ ಸೀರೆ ತರಬೇಕು, ಹುಡುಗಿಯನ್ನು ಹಸಿರು ಸೊಪ್ಪಿನ ಗುಡಿಸಲಲ್ಲಿ ಕೂಡಿಸಬೇಕು, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ತಿನ್ನಿಸಬೇಕು. ಅವಳ ಓರಗೆಯವರೆಲ್ಲ ಆ ಗುಡಿಸಲಲ್ಲಿ ಕೂತು ಎದ್ದರು. ಇವಳು ಅವರಿಗೆ ಆರತಿ ಎತ್ತಿ ಬಂದಳು. ಇವಳ ಎತ್ತರವೂ ಏರಲಿಲ್ಲ. ಹುಟ್ಟಿದಾಗ ಪಾದಗಳು ಪೂರಿಯ ಹಾಗೆ ಉಬ್ಬಿದ್ದವು, ಕುತ್ತಿಗೆ ಅಗಲವಿತ್ತು. ಸೂಲಗಿತ್ತಿ “ನೀರು ತುಂಬೈತಿ, ಇಳಿತೈತಿ ಬಿಡು” ಅಂದಿದ್ದಳು. ಪಾದ ಇಳಿದವು, ನಾವು ಮರೆತೆವು.

ನಲ್ಲಿಯ ಹತ್ತಿರ ಗಂಗಮ್ಮ ಎಂಬ ನೆರೆಯವಳು ಒಂದು ದಿನ ಕೊಡ ಇಟ್ಟುಕೊಂಡೇ ಕೇಳಿದಳು.

“ಏನ್ ದೊಡ್ಡಮ್ಮ, ನಮಗ ಚಿಗಳಿ ಯಾವಾಗ ತಿನ್ನಸ್ತೀ? ನನ್ನ ಆಡು ಈದು, ಅದರ ಮರಿನೂ ಈದು ಕುಂತೈತಿ.”

“ನಿನ್ನ ಆಡಿಗೆ ಸಾಲಿ ಇಲ್ಲ, ಕೆಲಸ ಅದೊಂದ ಐತಿ. ನಮ್ಮ ಹುಡುಗಿಗೆ ಸಾಲಿ ಐತಿ” ಅಂದೆ.

ಅಂದೆನೇನೋ ಸರಿ. ಕೊಡ ಎತ್ತಿಕೊಂಡು ಬರುವಾಗ ಹುಡುಗಿಯ ವಯಸ್ಸು ಲೆಕ್ಕ ಹಾಕಿದೆ. ರೇಣುಕಾ ಹತ್ತನೇ ಕ್ಲಾಸು ಮುಗಿಸಿ ಇಂಟರಿಗೆ, ಅಂದರೆ ಪಿಯುಸಿಗೆ, ಸೇರಿದ್ದಳು. ಇನ್ನು ತಡ ಅನ್ನುವುದಕ್ಕೂ ಒಂದು ಮಿತಿ ಇದೆ.

ಆದೋನಿಗೆ ಹೋದೆವು. ಅಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಮ್ಮ ತಲೆ ಎತ್ತದೆ ತೆಲುಗಿನಲ್ಲಿ “ನೆಲ ತಪ್ಪಿಂದಾ?” ಎಂದು ಕೇಳಿದಳು. ತಿಂಗಳು ತಪ್ಪಿತೇ ಎಂದು. ಬಸುರಿಯೇ ಎಂದು ಕೇಳುವ ರೀತಿ ಅದು. ಸುತ್ತ ಕೂತವರೆಲ್ಲ ಹುಡುಗಿಯ ಹೊಟ್ಟೆ ನೋಡಿದರು. ರೇಣುಕಾ ಶಾಲೆಯ ಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿದಳು.

“ತಪ್ಪಾಕ ಮೊದಲು ಬರಬೇಕಲ್ಲವಾ ತಾಯಿ” ಅಂದೆ. “ಬರಲಿಲ್ಲ ಅಂತನ ಇಲ್ಲಿಗೆ ಬಂದೀವಿ.”

ಆಗ ತಲೆ ಎತ್ತಿದಳು.

ಸ್ಕ್ಯಾನಿಂಗಿಗೆ ಹೊಟ್ಟೆ ತುಂಬ ನೀರು ಕುಡಿಸಿದರು. ಉಚ್ಚೆ ತಡೆದುಕೊಂಡು ಕೂತಿರು ಅಂದರು. ಕೂತಳು. ಕರೆಂಟು ಹೋಯಿತು. ಇನ್ನೂ ತಡೆದುಕೋ ಅಂದರು. ಹುಡುಗಿಯ ಕಣ್ಣಲ್ಲಿ ನೀರು ಬಂತು, ಕೆಳಗೆ ಮಾತ್ರ ಬಿಡಲಿಲ್ಲ. ಕೊನೆಗೆ ನೋಡಿದವರು, ಗರ್ಭಕೋಶ ಕೂಸಿನದರಷ್ಟು ಸಣ್ಣದಿದೆ, ಮೊಟ್ಟೆ ಇರುವ ಚೀಲಗಳು ಕಾಣುವುದೇ ಇಲ್ಲ, ಕರ್ನೂಲಿಗೆ ಹೋಗಿ ಅಂದರು. ಕಾಣುವುದಿಲ್ಲ ಅಂದರೆ ಏನು? ಇದ್ದೂ ಕಾಣುವುದಿಲ್ಲವೋ, ಇಲ್ಲವೇ ಇಲ್ಲವೋ? ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಿದ್ದರು.

ಕರ್ನೂಲಿನಲ್ಲಿ ರಕ್ತ ತೆಗೆದುಕೊಂಡು ಹೈದರಾಬಾದಿಗೆ ಕಳಿಸಿದರು. ಉತ್ತರ ಬರಲು ವಾರಗಳು ಹಿಡಿಯುತ್ತವೆ ಅಂದರು. ಆ ನಡುವೆ ಹೃದಯ ನೋಡಿದರು, ಕಿಡ್ನಿ ನೋಡಿದರು, ಕಿವಿ ನೋಡಿದರು. ಮುಟ್ಟು ಬರಲಿಲ್ಲ ಎಂದು ಬಂದರೆ ಕಿವಿ ಯಾಕೆ ನೋಡುತ್ತಾರೆ ಎಂದು ನನಗೆ ಇನ್ನೂ ಹೆದರಿಕೆಯಾಯಿತು. ಹೃದಯದ ಪರೀಕ್ಷೆ ಮಾಡುವ ಹುಡುಗಿ ಒಬ್ಬಳಿದ್ದಳು. ಎದೆಗೆ ಹಚ್ಚುವ ತಣ್ಣನೆಯ ಲೋಳೆಯನ್ನು ಮೊದಲು ತನ್ನ ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ, ಆಮೇಲೆ ರೇಣುಕಾಳಿಗೆ ಹಚ್ಚಿದಳು. ಯಾರೂ ಹೇಳಿದ್ದಲ್ಲ. ಅವಳ ಹೆಸರು ಕೇಳಲಿಲ್ಲ. ಹೃದಯ ಚೆನ್ನಾಗಿದೆ ಎಂದೂ ಅವಳೇ ಮೊದಲು ಕಿವಿಯಲ್ಲಿ ಹೇಳಿದಳು.

ಉತ್ತರ ಬಂದ ದಿನ ಬಹಳ ಹೊತ್ತು ಬೆಂಚಿನ ಮೇಲೆ ಕೂತಿದ್ದೆವು. ಎದುರಿನ ಗೋಡೆಯ ಮೇಲೆ ಕೂಸಿಗೆ ಮೊಲೆಯೂಡಿಸುವ ಹೆಂಗಸಿನ ದೊಡ್ಡ ಚಿತ್ರ, ಕೆಳಗೆ ತೆಲುಗು ಅಕ್ಷರ. ನನಗೆ ತೆಲುಗು ಓದಲು ಬಾರದು. ಹುಲಿಗೆಮ್ಮ ಅದನ್ನೇ ನೋಡುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು.

ಡಾಕ್ಟರಮ್ಮ ಒಳ್ಳೆಯವಳು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಹತ್ತಿ ಕಾಯಿಯಲ್ಲಿ ಇರುತ್ತವಲ್ಲ, ಅಂಥ ಸಣ್ಣ ಸಣ್ಣ ಹುಳುಗಳಂತೆ ಕಂಡವು. ಎಲ್ಲವೂ ಜೋಡಿ ಜೋಡಿ. ಕೊನೆಗೆ ಒಂದು ಮಾತ್ರ ಒಂಟಿ. ಅವಕ್ಕೆ ಕ್ರೋಮೋಸೋಮು ಅನ್ನುತ್ತಾರೆ, ಎಲ್ಲರ ಮೈಯ ಕಣಕಣದಲ್ಲೂ ಇರುತ್ತವೆ ಅಂದಳು. ಹೆಂಗಸಾಗಲು ಬೇಕಾದ ಜೋಡಿಯಲ್ಲಿ ನಿಮ್ಮ ಹುಡುಗಿಗೆ ಒಂದು ಬಂದಿದೆ, ಒಂದು ಇಲ್ಲ. ಆಮೇಲೆ ತೆಲುಗಿನಲ್ಲಿ ನಿಧಾನವಾಗಿ ಹೇಳಿದಳು.

“ಪಾಪಕು ತಲ್ಲಿ ಪಾಲೋ, ತಂಡ್ರಿ ಪಾಲೋ, ಒಕಟಿ ಅಂದಲೇದಮ್ಮಾ.”

ಹುಡುಗಿಗೆ ತಾಯಿಯ ಪಾಲೋ ತಂದೆಯ ಪಾಲೋ, ಒಂದು ಬಂದು ಮುಟ್ಟಲಿಲ್ಲ. ನನಗೆ ಸರಿಯಾಗಿಯೇ ಅರ್ಥವಾಯಿತು. ಅಣ್ಣತಮ್ಮಂದಿರು ಬೇರೆಯಾಗುವಾಗ ಕುರಿ ಪಾಲು ಮಾಡುವುದನ್ನು ನೋಡುತ್ತಲೇ ಮುದುಕಿಯಾದವಳು ನಾನು. ಪಾಲಿನಲ್ಲಿ ತಪ್ಪಾದರೆ ಪಂಚರನ್ನು ಕೂಡಿಸಿ ಕೇಳಬಹುದು. ಇಲ್ಲಿ ಯಾರನ್ನು ಕೇಳುವುದು?

ಡಾಕ್ಟರಮ್ಮ ರೇಣುಕಾಳನ್ನು ಹೊರಗೆ ಕೂಡಿಸಿ ಎಂದಳು. ಅವಳು ಎದ್ದು ಹೋದ ಮೇಲೆ ಹೇಳಿದಳು: ಗುಳಿಗೆ ಕೊಡುತ್ತೇವೆ, ಮೈ ತುಂಬಿಕೊಳ್ಳುತ್ತದೆ, ಗುಳಿಗೆಯಿಂದಲೇ ಮುಟ್ಟೂ ಬರುತ್ತದೆ. ಎತ್ತರ ಇನ್ನು ಹೆಚ್ಚೇನೂ ಆಗುವುದಿಲ್ಲ. ಸ್ವಂತ ಮಕ್ಕಳು ಆಗುವುದಿಲ್ಲ ಎಂದೇ ತಿಳಿದುಕೊಳ್ಳಿ. ಓದುತ್ತಾಳೆ, ದುಡಿಯುತ್ತಾಳೆ, ಬದುಕುತ್ತಾಳೆ.

ಹುಲಿಗೆಮ್ಮ ಪರದೆಯನ್ನು ನೋಡಿರಲಿಲ್ಲ. ತನ್ನ ಸೆರಗನ್ನು ಎದೆಯ ಮೇಲೆ ಬಿಗಿ ಹಿಡಿದುಕೊಂಡು ಕೂತಿದ್ದಳು.

ಮನೆಗೆ ಬಂದು ಈರಣ್ಣನಿಗೆ ಹೇಳಿದೆ. ಬಾರದ ಪಾಲು ಹುಲಿಗೆಮ್ಮನದೂ ಇರಬಹುದು, ನಿನ್ನದೂ ಇರಬಹುದು ಅಂದೆ. “ಹೂಂ” ಅಂದ. ಕುರಿ ಹೊಡೆದುಕೊಂಡು ಹೋದ. ಆಮೇಲೆ ದಿನವೂ ಬೇಗ ಹೋಗಿ ತಡವಾಗಿ ಬರತೊಡಗಿದ. ಕುರಿಗೆ ಅಷ್ಟು ಮೇವು ಎಲ್ಲಿ ಸಿಗುತ್ತಿತ್ತೋ.

ಸಂಕ್ರಾಂತಿ ಬಂತು, ಹೋಯಿತು. ಹುಲಿಗೆಮ್ಮ ಗುಂಟೂರಿಗೆ ಹೋಗಲಾರೆ ಎಂದು ಕೂತಳು. ಕೂಲಿ ಮೇಸ್ತ್ರಿ ಬಂದು ಕರೆದ, ಒಳಗಿನಿಂದಲೇ ಇಲ್ಲ ಅಂದಳು. ಅವಳು ಹೋಗದಿದ್ದಕ್ಕೆ ಈರಣ್ಣನೂ ಹೋಗಲಿಲ್ಲ. ಮನೆಯಲ್ಲಿ ಇನ್ನೊಂದು ಶುರುವಾಯಿತು. ಬೆಳಿಗ್ಗೆ ಎದ್ದರೆ ಹಾಲು. ಕಾಲೇಜಿನಿಂದ ಬಂದರೆ ಹಾಲು. ಮಲಗುವ ಮುಂಚೆ ಹಾಲು. ದೊಡ್ಡ ಲೋಟ ತುಂಬಿ ಹುಡುಗಿಯ ಮುಂದೆ ನಿಂತುಬಿಡುತ್ತಿದ್ದಳು. ತಾನು ಮಾತ್ರ ಹಾಲು, ಮೊಸರು, ಮಜ್ಜಿಗೆ ಯಾವುದನ್ನೂ ಮುಟ್ಟಲಿಲ್ಲ. ಒಣ ರೊಟ್ಟಿ, ಖಾರ. ಮದ್ದಿಕೇರದಿಂದ ಭೀಮೇಶನ ಫೋನು ಬಂದರೆ ಎತ್ತಲಿಲ್ಲ. ಅವನು ನನಗೆ ಮಾಡಿದ, ತನ್ನ ಹರಕುಮುರುಕು ಕನ್ನಡದಲ್ಲಿ. “ಅಕ್ಕ ಯಾಕ ಮಾತಾಡ್ತಿಲ್ಲ ಪೆದ್ದಮ್ಮಾ, ನಾನೇನು ಮಾಡೀನಿ?” ಅಂದ. ಪೆದ್ದಮ್ಮ ಅಂದರೆ ದೊಡ್ಡಮ್ಮ. “ನೀನೇನೂ ಮಾಡಿಲ್ಲಪ್ಪ” ಅಂದೆ. ಕುರಿ ನೋಡಬೇಕು ಎಂದು ಫೋನು ಇಟ್ಟೆ.

ಒಂದು ಸಂಜೆ ರೇಣುಕಾ ಕುಡಿದದ್ದನ್ನೆಲ್ಲ ಅಂಗಳದಲ್ಲಿ ಕಾರಿಕೊಂಡಳು. ಬಾಯಿ ತೊಳೆದುಕೊಂಡು ಹಿತ್ತಲಿನಲ್ಲಿ ಕೂತಳು. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹುಲಿಗೆಮ್ಮನನ್ನು ಹಿಡಿದೆ.

“ಆ ಹಾಲಿನ ಕಾಟ ಸಾಕು ಮಾಡು. ಹುಡುಗಿ ಸಾಯ್ತಾಳ.”

“ಕುಡೀಲಿ ಅತ್ತಾ. ಆವಾಗ ಕುಡೀಲಿಲ್ಲ, ಈಗರ ಕುಡೀಲಿ.”

“ಆವಾಗ ಅಂದ್ರ?”

“ಕೂಸಿದ್ದಾಗ. ನಾನು ಬಿಟ್ಟು ಮಿರ್ಚಿಗೆ ಹೋದೆನಲ್ಲ, ಆವಾಗ.” ಕೈಯಲ್ಲಿದ್ದ ಲಂಗವನ್ನು ಕಲ್ಲಿಗೆ ಅಪ್ಪಳಿಸಿದಳು. “ಡಾಕ್ಟರಮ್ಮ ನಿಮ್ಮೆದುರಿಗೇ ಅಂದ್ರಲ್ಲ, ತಲ್ಲಿ ಪಾಲು ಅಂದಲೇದು ಅಂತ. ಗೋಡಿ ಮ್ಯಾಲೂ ಅದಾ ಬರದಿತ್ತು. ನನ್ನ ಎದಿ ಹಾಲು ಅಲ್ಲಿ ಮೆಣಸಿನಕಾಯಿ ಹೊಲದಾಗ ಹಿಂಡಿ ಚೆಲ್ಲಿದೆ ಅತ್ತಾ. ಇಲ್ಲಿ ಇವಳ ಮೈ ಒಣಗಿತು. ನನ್ನ ತಮ್ಮನ ಮನಿ ನಾನಾ ಹಾಳು ಮಾಡಿದೆ.”

ಆಗ ನನಗೆ ತಿಳಿಯಿತು. ತೆಲುಗಿನಲ್ಲಿ ಪಾಲಿಗೂ ಪಾಲು ಅನ್ನುತ್ತಾರೆ, ಹಾಲಿಗೂ ಪಾಲು ಅನ್ನುತ್ತಾರೆ. ಒಂದೇ ಕೋಣೆಯಲ್ಲಿ ಒಂದೇ ಮಾತು ಕೇಳಿ, ನಾನು ಪಾಲು ತಂದಿದ್ದೆ, ಅವಳು ಹಾಲು ತಂದಿದ್ದಳು. ಅಷ್ಟು ದಿನ ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಬೇರೆ ಬೇರೆ ರೋಗಕ್ಕೆ ಅಳುತ್ತಿದ್ದೆವು.

ನನಗೆ ನಗು ಬಂತು. ನಗಬಾರದಿತ್ತು, ಬಂತು.

“ಲೇ ಹುಚ್ಚಿ, ಆಕಿ ತಂಡ್ರಿ ಪಾಲು ಅಂತನೂ ಅಂದ್ಲು. ಈರಣ್ಣ ಹಾಲು ಕೊಡ್ತಾನೇನು?”

“ಅದು ನಂಗ ಕೇಳಿಲ್ಲ.”

“ನಂಗ ಕೇಳೈತಿ. ಪಾಲು ಅಂದ್ರ ಭಾಗ. ಕುರಿ ಪಾಲು, ಹೊಲದ ಪಾಲು.”

“ನಿಮಗ ತೆಲುಗು ಎಷ್ಟು ಬರತೈತಿ ಅತ್ತಾ? ಸಂತ್ಯಾಗ ಉಳ್ಳಾಗಡ್ಡಿ ಕೇಳೋ ಅಷ್ಟು. ನಾನು ತೆಲುಗಿನಾಗ ಹುಟ್ಟೀನಿ.”

ಅವಳು ಹೇಳಿದ್ದು ನಿಜ. ಇಬ್ಬರೂ ಕಲ್ಲಿನ ಆಚೆ ಈಚೆ ನಿಂತುಕೊಂಡೆವು. ಅಷ್ಟರಲ್ಲಿ ರೇಣುಕಾ ಹಿತ್ತಲಿನಿಂದ ಎದ್ದು ಬಂದಳು. ಅವಳಿಗೆ ಎಲ್ಲ ಕೇಳಿಸಿತ್ತು.

“ಹಾಲಲ್ಲವ್ವಾ” ಅಂದಳು. “ವಾಟಾ.”

ವಾಟಾ ಅಂದರೂ ತೆಲುಗಿನಲ್ಲಿ ಪಾಲೇ. ಆ ಮಾತಿಗೆ ಹಾಲಿನ ಅರ್ಥ ಇಲ್ಲ. ಹುಲಿಗೆಮ್ಮನ ಕೈ ನಿಂತಿತು.

“ನಮ್ಮ ಪಾಠದಾಗ ಐತಿ. ಎಲ್ಲಾರ ಮೈಯಾಗ ಜೋಡಿ ಇರತಾವ. ಮಗು ಆಗೋ ಬೀಜ ತಯಾರಾಗಬೇಕಾದ್ರ ಆ ಜೋಡಿ ಬಿಡಿಸ್ಕೋಬೇಕು, ಇದಕ್ಕೊಂದು ಅದಕ್ಕೊಂದು. ಹಂಗ ಅರ್ಧ ಅವ್ವಂದು, ಅರ್ಧ ಅಪ್ಪಂದು ಕೂಡಿದ್ರ ಮತ್ತ ಜೋಡಿ. ಒಂದೊಂದ್ಸಲ ಬಿಡಿಸ್ಕೊಳ್ಳಂಗಿಲ್ಲ. ಎರಡೂ ಒಂದರಾಗ ಹೋಗಿ ಕುಂದರತಾವ, ಇನ್ನೊಂದು ಬರೇದು ಉಳಿತೈತಿ. ನಂಗ ಅಂಥಾ ಬರೇ ಬೀಜ ಸಿಕ್ಕಿರಬೇಕು.”

“ಯಾರು ಬಿಡಿಸಬೇಕಿತ್ತು ಅವನ್ನ?” ನಾನು ಕೇಳಿದೆ.

“ಯಾರೂ ಇಲ್ಲಜ್ಜಿ. ತಾವಾ ಬಿಡಿಸ್ಕೊಂತಾವ. ಇಲ್ಲಾಂದ್ರ ಇಲ್ಲ.”

“ಯಾವಾಗ?”

“ನಾನು ಹುಟ್ಟಾಕ ಮೊದಲಾ. ಅವ್ವ ಗುಂಟೂರಿಗೆ ಹೋಗಾಕ ಎಷ್ಟೋ ಮೊದಲು.” ಆಮೇಲೆ ತಾಯಿಯ ಕಡೆ ತಿರುಗಿದಳು. “ಮತ್ತ, ನಂಗ ಮಕ್ಕಳಾಗಂಗಿಲ್ಲ ಅನ್ನೋದೂ ಗೊತ್ತೈತಿ. ಅವತ್ತು ನನ್ನ ಹೊರಗ ಕಳಿಸಿದ್ರಿ. ಬಾಗಿಲಿಗಿದ್ದದ್ದು ಬಟ್ಟಿ, ಗೋಡಿ ಅಲ್ಲ.”

ನಾವಿಬ್ಬರೂ ಅಷ್ಟು ದಿನ ಅವಳಿಂದ ಬಚ್ಚಿಟ್ಟಿದ್ದೆವು. ಅವಳು ನಮ್ಮಿಂದ ಬಚ್ಚಿಟ್ಟಿದ್ದಳು. ತಾಯಿ ಯಾಕೆ ಹಾಲು ಕೊಡುತ್ತಾಳೆಂದು ಗೊತ್ತಿಲ್ಲದೆ, ಬೇಜಾರಾಗಬಾರದೆಂದು ಲೋಟ ಲೋಟ ಕುಡಿದಿದ್ದಳು.

ನಾನು ತಿಳಿದದ್ದು, ಹುಲಿಗೆಮ್ಮನಿಗೆ ಇನ್ನು ಹಗುರಾಗುತ್ತದೆ ಎಂದು. ತಪ್ಪು ಅವಳದಲ್ಲ ಅಂತಾಯಿತಲ್ಲ. ಅವಳು ಕಲ್ಲಿನ ಮೇಲೆಯೇ ಕೂತುಬಿಟ್ಟಳು. ಒದ್ದೆ ಲಂಗ ತೊಡೆಯ ಮೇಲೆ ಸೋರುತ್ತಿತ್ತು.

“ಹಾಲಾಗಿದ್ರ ಚೊಲೋ ಇತ್ತು ಅತ್ತಾ” ಅಂದಳು.

ಎದೆ ಬಡಿದುಕೊಂಡು ಅತ್ತಳು. ಹಾಲಾಗಿದ್ದರೆ ಕುಡಿಸಬಹುದಿತ್ತು. ಹರಕೆ ಹೊರಬಹುದಿತ್ತು, ತಾನು ಉಪವಾಸ ಇರಬಹುದಿತ್ತು, ಏನಾದರೂ ಮಾಡಬಹುದಿತ್ತು. ಅವಳ ಕೈಯಲ್ಲಿ ಒಂದು ತಪ್ಪಾದರೂ ಇತ್ತು, ಅದನ್ನೂ ನಾವು ಕಿತ್ತುಕೊಂಡೆವು. ಮಾಡಲಿಕ್ಕೆ ಏನೂ ಇಲ್ಲ ಎಂಬುದನ್ನು ತಾಯಿಯಾದವಳಿಗೆ ಹೇಗೆ ಹೇಳುವುದೋ ನನಗೆ ಇವತ್ತಿಗೂ ತಿಳಿದಿಲ್ಲ. ಅವಳ ಬೆನ್ನ ಮೇಲೆ ಕೈ ಇಟ್ಟು ನಿಂತೆ. ಕೈ ಇಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ.

ಓದುವವರಿಗೆ ಇಷ್ಟು ಹೇಳಿಬಿಡುತ್ತೇನೆ. ಗುಳಿಗೆ ಈಗಲೂ ನಡೆದಿದೆ, ವರ್ಷಗಟ್ಟಲೆ ನಡೆಯಬೇಕಂತೆ. ಡಾಕ್ಟರಮ್ಮ ಹೇಳಿದಂತೆ ಮೈ ತುಂಬಿತು, ಮುಟ್ಟೂ ಬಂತು. ಮನೆಯ ಬಾಗಿಲು ಹಾಕಿಕೊಂಡು ಚಿಗಳಿ ಕುಟ್ಟಿ ತಿಂದೆವು. ಗಂಗಮ್ಮನಿಗೂ ಒಂದು ಉಂಡೆ ಕಳಿಸಿದೆ, ಯಾಕೆಂದು ಹೇಳಲಿಲ್ಲ. ಹುಲಿಗೆಮ್ಮ ಈಗ ಉಣ್ಣುತ್ತಾಳೆ, ಗುಂಟೂರಿಗೂ ಹೋಗುತ್ತಾಳೆ. ಹಾಲಿನ ಪಾತ್ರೆ ತೊಳೆಯುವಾಗ ಒಮ್ಮೊಮ್ಮೆ ಸುಮ್ಮನೆ ನಿಂತುಬಿಡುತ್ತಾಳೆ. ನಾನು ನೋಡಿಯೂ ನೋಡದ ಹಾಗೆ ಇರುತ್ತೇನೆ.

ಆ ಸಂಜೆಯ ಮಾತು ಇನ್ನೂ ಇದೆ. ಅತ್ತು ಮುಗಿದ ಮೇಲೆ ಹುಲಿಗೆಮ್ಮ ಮುಖ ತೊಳೆದುಕೊಂಡು ಬಂದು ಹೇಳಿದಳು.

“ಮದ್ದಿಕೇರದಾಗ ಯಾರೂ ಬಾಯಿ ಬಿಡಬ್ಯಾಡ್ರಿ. ಗುಳಿಗಿಯಿಂದ ಮುಟ್ಟು ಬರತೈತಲ್ಲ, ಅಷ್ಟ ಸಾಕು. ಹದಿನೆಂಟು ತುಂಬಿದ ಮ್ಯಾಲೆ ಮದುವಿ ಮಾಡಿಬಿಡೋಣ. ಮಕ್ಕಳಾಗದವರು ಊರಾಗ ಇಲ್ಲೇನು? ದೇವರು ಕೊಡಲಿಲ್ಲ ಅಂತಾರ, ಸುಮ್ಮನಾಗ್ತಾರ.”

“ಮಾಮಗ ಹೇಳ್ರಿ” ಅಂದಳು ರೇಣುಕಾ.

“ಹೇಳಿದ್ರ ಯಾರು ಮಾಡ್ಕೊಂತಾರ ನಿನ್ನ?”

“ಹೇಳದಿದ್ರ ನಾ ಮಾಡ್ಕೊಳ್ಳಂಗಿಲ್ಲ. ಮಾಮ ಲಾರಿ ತಳಗ ಮಕ್ಕೊಂಡು ಬೋಲ್ಟು ಬಿಚ್ಚೋನು. ಒಂದು ಬೋಲ್ಟು ಕಮ್ಮಿ ಇದ್ರ ಗಾಡಿ ಕೊಡಂಗಿಲ್ಲ ಅಂತಾನ, ಮೊದಲಾ ಹೇಳ್ತಾನ. ನಾವೂ ಹೇಳೋಣ.”

“ನೀನೇನು ಗಾಡಿ ಏನಾ?”

“ಅಲ್ಲ. ಅದಕ್ಕಾ ಹೇಳ್ರಿ ಅಂತೀನಿ.”

“ನನ್ನ ಬಾಯಿಂದ ಆಗಂಗಿಲ್ಲ. ಅವನು ನನ್ನ ತಮ್ಮ. ನಾ ಹೇಳೋದಕ್ಕಿಂತ ಬಾವಿ ನೋಡ್ಕೊಂತೀನಿ” ಅಂದಳು ಹುಲಿಗೆಮ್ಮ.

ಈರಣ್ಣ ಕುರಿ ಹೊಡೆದುಕೊಂಡು ಬಂದ. ಅವನ ಮುಖ ನೋಡಿದೆ. ಅವನು ದೊಡ್ಡಿಯ ಬಾಗಿಲ ಕಡೆ ನೋಡಿದ. ಇನ್ನು ಉಳಿದವಳು ನಾನು.

“ಅಜ್ಜಿ, ಹೋದ್ರ ಪಾಲು ಅನಬ್ಯಾಡ” ಅಂದಳು ರೇಣುಕಾ. “ಅವರೂ ಹಾಲು ಅಂದ್ಕೊಂತಾರ. ಆಮ್ಯಾಲೆ ಅವ್ವನ್ನಾ ಬೈತಾರ.”

ಮರುದಿನ ಬೆಳಿಗ್ಗೆ ಕೋಸಗಿಯಲ್ಲಿ ರೈಲು ಹತ್ತಿದೆ. ಗುಂತಕಲ್ಲಿನಲ್ಲಿ ಇಳಿದು ಮದ್ದಿಕೇರದ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ವಾಟಾ, ವಾಟಾ ಎಂದು ಬಾಯಲ್ಲಿ ತಿರುವುತ್ತಿದ್ದೆ. ಪಕ್ಕದಲ್ಲಿ ಕೂತವನು ಹೊಲದ ಜಗಳವೇನಮ್ಮಾ ಎಂದು ಕೇಳಿದ. ಹೌದು ಅಂದೆ.

ಬೀಗರ ಮನೆಯ ಅಂಗಳಕ್ಕೆ ಕಾಲಿಡುತ್ತಲೇ ಭೀಮೇಶನ ತಾಯಿ ಚೊಂಬಿನಲ್ಲಿ ನೀರು ತಂದಳು. ನೀರು ಇಸಿದುಕೊಂಡರೆ ನೆಂಟಳಾಗಿಬಿಡುತ್ತೇನೆ. ಆಮೇಲೆ ಕಾಫಿ, ಆಮೇಲೆ ಊಟ, ಆಮೇಲೆ ಹೇಳದೆಯೇ ವಾಪಸು ಬಸ್ಸು. ಕೈ ಚಾಚಲಿಲ್ಲ. ಭೀಮೇಶನನ್ನು ಕರೆಯಿರಿ ಅಂದೆ. ಅವನು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದ, “ಏಮೈಂದಿ ಪೆದ್ದಮ್ಮಾ”, ಏನಾಯಿತು, ಎಂದು ನಕ್ಕ. ಅವನ ಮುಖ ನೋಡಿಕೊಂಡೇ, ನಿಂತುಕೊಂಡೇ, ಅವನ ತಾಯಿಗೂ ತಿಳಿಯಲಿ ಎಂದು ನನಗೆ ಬರುವಷ್ಟು ತೆಲುಗಿನಲ್ಲಿ, ಹುಡುಗಿಗೆ ಹುಟ್ಟುವ ಮೊದಲೇ ಒಂದು ವಾಟಾ ಬರಲಿಲ್ಲ ಎಂಬಲ್ಲಿಂದ ಮಕ್ಕಳಾಗುವುದಿಲ್ಲ ಎಂಬಲ್ಲಿಯವರೆಗೆ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದ ಮೇಲೆ ನೀರು ಕೇಳಿದೆ.